ಮಂಕು ಹಿಡಿದ ತಲೆ, ಕೈಯಲ್ಲಿ ಕರಡು

ಪುಸ್ತಕದ 41ನೇ ಪುಟದಲ್ಲಿ ಒಂದೇ ಸಾಲು ಎರಡು ಬಾರಿ ಅಚ್ಚಾಗಿತ್ತು. ಒಂದರ ಕೆಳಗೊಂದು, ಅವಳಿಗಳ ಹಾಗೆ. ಮೊದಲ ಕರಡು ನೋಡಿದವಳು ನಾನು, ಎರಡನೆಯದನ್ನು ನೋಡಿದವಳೂ ನಾನೇ. ಎರಡರಲ್ಲೂ ಆ ಪುಟದ ಮೂಲೆಯಲ್ಲಿ ನನ್ನ ಸಹಿ ಇತ್ತು. ಲೇಖಕರು ಫೋನ್ ಮಾಡಿ ಬಹಳ ಮೃದುವಾಗಿ ಹೇಳಿದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಇಪ್ಪತ್ತಾರು ವರ್ಷ ಕರಡು ತಿದ್ದಿದವಳಿಗೆ, ತಪ್ಪು ತಾನಾಗಿಯೇ ಬಂದು ಕಣ್ಣಿಗೆ ಚುಚ್ಚುತ್ತದೆ ಎಂಬ ಜಂಬವಿತ್ತು. ಆದ್ದರಿಂದ ದೋಷವನ್ನು ಕಣ್ಣಿನ ಮೇಲೆಯೇ ಹೊರಿಸಿದೆ. ಬಲಗಣ್ಣಿಗೆ ಪೊರೆ ಬಂದಿದ್ದೂ ನಿಜವೇ. ಶಸ್ತ್ರಚಿಕಿತ್ಸೆಗೆ ಮುಂಚೆ ಮಾಡಿಸುವ ರಕ್ತಪರೀಕ್ಷೆಯಲ್ಲಿ, ಲಿವರಿಗೆ ತಗಲುವ ವೈರಾಣು ಸೋಂಕಾದ ಹೆಪಟೈಟಿಸ್ ಸಿ ಇದೆ ಎಂದು ಬಂತು. ಅದು 2017; ನನಗಾಗ ಐವತ್ತನಾಲ್ಕು.

ಎಲ್ಲಿಂದ ಬಂತು ಎಂದು ಖಚಿತವಾಗಿ ಯಾರೂ ಹೇಳಲಾರರು. 1988ರಲ್ಲಿ ಮಗಳು ಹುಟ್ಟಿದಾಗ ಹೆರಿಗೆಯ ನಂತರ ನನಗೆ ರಕ್ತ ಕೊಟ್ಟಿದ್ದರು. ಈ ವೈರಾಣುವನ್ನು ಗುರುತಿಸಿದ್ದೇ 1989ರಲ್ಲಿ. ಅದಕ್ಕೆ ಮುಂಚೆ ‘ಎ ಅಲ್ಲದ, ಬಿ ಅಲ್ಲದ’ ಹೆಪಟೈಟಿಸ್ ಎಂದು ಕರೆಯುತ್ತಿದ್ದರು. ಇಲ್ಲದ ಅಕ್ಷರಗಳಿಂದ ಹೆಸರಾದ ರೋಗ. ರಕ್ತದಲ್ಲಿ ಅದನ್ನು ಪತ್ತೆ ಮಾಡುವ ದಾರಿಯೇ ಆಗ ಇರಲಿಲ್ಲ. ಮಗಳಿಗೂ ಪರೀಕ್ಷೆ ಮಾಡಿಸಿದೆವು, ಅವಳಿಗೆ ಇಲ್ಲ. ಆ ವಾರದಲ್ಲಿ ನನಗೆ ಬೇಕಾಗಿದ್ದ ಸುದ್ದಿ ಅದೊಂದೇ.

ನನ್ನ ತಲೆಯ ಸ್ಥಿತಿಯನ್ನು ಮೊದಲು ಗಮನಿಸಿದವಳೂ ಮಗಳೇ. “ಅಮ್ಮ, ಇದನ್ನು ನೀನು ಬೆಳಿಗ್ಗೆಯೇ ಕೇಳಿದ್ದೆ. ನಾನು ಹೇಳಿಯೂ ಆಗಿತ್ತು” ಎಂದು ತಿಂಗಳಲ್ಲಿ ಹತ್ತು ಸಲವಾದರೂ ಅನ್ನುತ್ತಿದ್ದಳು. ಮಾತಿನ ನಡುವೆ ಪದ ಕೈಕೊಡುತ್ತಿತ್ತು. ಕತ್ತರಿಯನ್ನು ತೋರಿಸಿ “ಅದು, ಕತ್ತರಿಸುವುದು” ಎನ್ನುವ ಹೊತ್ತಿಗೆ ಅರ್ಧ ಪದ ಬಾಯಲ್ಲೇ ಇದ್ದರೂ ಉಳಿದರ್ಧ ಸಿಗುತ್ತಿರಲಿಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿ ಬಂದ ಕಾರಣ ಮರೆತು ನಿಲ್ಲುವುದು ಎಲ್ಲರಿಗೂ ಆಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಒಂದು ಪ್ಯಾರಾವನ್ನು ನಾಲ್ಕು ಸಲ ಓದಿದರೂ ನಾಲ್ಕೂ ಸಲ ಅದು ಹೊಸದಾಗಿ ಕಾಣುವುದು? ನಿದ್ದೆ ಮಾಡಿ ಎದ್ದರೂ ತಲೆಯೊಳಗೆ ಒದ್ದೆ ಹತ್ತಿ ತುಂಬಿದ ಭಾರ? ಡಾಕ್ಟರುಗಳು ಇದನ್ನು ಬ್ರೇನ್ ಫಾಗ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಹಳೆಯ ಪದವೇ ಇದೆ, ಮಂಕು. ನಾನು ಅದನ್ನೇ ಬಳಸುತ್ತೇನೆ.

ಮೊದಲು ನೋಡಿದ ವೈದ್ಯರು ನನ್ನ ಮಾತನ್ನು ಪೂರ್ತಿ ಕೇಳಲಿಲ್ಲ. ಲಿವರ್ ಇನ್ನೂ ಚೆನ್ನಾಗಿದೆ, ಮರೆವು ವಯಸ್ಸಿನದು, ಚಿಂತೆ ಮಾಡಬೇಡಿ ಎಂದು ಕಳುಹಿಸಿದರು. ಎರಡನೆಯವರು ಬೇರೆ ಥರದವರು. ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಲು ಹೇಳಿದರು. ಚದುರಿದ ಅಂಕಿಗಳನ್ನು ಒಂದರಿಂದ ಆರಂಭಿಸಿ ಕ್ರಮವಾಗಿ ಗೆರೆ ಎಳೆದು ಜೋಡಿಸಲು ಕೊಟ್ಟು ಗಡಿಯಾರ ನೋಡಿದರು. ಶಬ್ದಗಳನ್ನೇ ನಂಬಿ ಬದುಕಿದವಳು ನಾನು. ಪ್ರಾಣಿಗಳ ಹೆಸರಿನಲ್ಲಿ ಮಿಂಚುತ್ತೇನೆ ಎಂದುಕೊಂಡಿದ್ದೆ. ಆನೆ, ಕುದುರೆ, ಹುಲಿ ಆದ ಮೇಲೆ ಇನ್ನೊಂದು ಸಲ ಆನೆ ಎಂದೆ.

ಅವರು ಹೇಳಿದ ಒಂದು ಮಾತು ನನಗೆ ದಾರಿಯಾಯಿತು: “ಎಲ್ಲವನ್ನೂ ವೈರಾಣುವಿನ ತಲೆಗೆ ಕಟ್ಟಬೇಡಿ. ಹಾಗೆಂದು ವೈರಾಣುವನ್ನು ಬಿಟ್ಟುಬಿಡಲೂ ಬೇಡಿ.” ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಎಲ್ಲ ನೋಡಿಸಿದರು. ಥೈರಾಯ್ಡ್ ತಗ್ಗಿತ್ತು, ಅದಕ್ಕೊಂದು ಮಾತ್ರೆ ಶುರುವಾಯಿತು. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಅದೂ ತಲೆಯನ್ನು ಮಂಕು ಮಾಡಬಲ್ಲದು ಎಂದರು. ನಿದ್ದೆ ಹೇಗಿದೆ, ಮನಸ್ಸು ಹೇಗಿದೆ, ಮದ್ಯ ಉಂಟೇ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದರು. ಸಿರೋಸಿಸ್ ಇರಲಿಲ್ಲ.

ಈ ಕೊನೆಯ ಸಂಗತಿ ಎಷ್ಟು ಮುಖ್ಯ ಎಂದು ತಿಳಿದದ್ದು ಕಾಯುವ ಕೋಣೆಯಲ್ಲಿ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಮೂನೆಯ ಮೇಲೆ ಸಹಿ ಹಾಕಲು ಹೆಣಗುತ್ತಿದ್ದರು. ಅಕ್ಷರ ನೋಡುವುದು ನನ್ನ ಚಾಳಿ. ಅವರ ಹಳೆಯ ಗುರುತಿನ ಚೀಟಿಯ ಸಹಿಗೂ ಈ ಸಹಿಗೂ ಹೋಲಿಕೆಯೇ ಇರಲಿಲ್ಲ. ಹಗಲೆಲ್ಲ ತೂಕಡಿಸುತ್ತಾರೆ, ರಾತ್ರಿಯೆಲ್ಲ ಎಚ್ಚರವಿರುತ್ತಾರೆ, ಎರಡು ದಿನದಿಂದ ಮಲವಿಸರ್ಜನೆ ಆಗಿಲ್ಲ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಕೈ ಮುಂದೆ ಚಾಚಿ ಎಂದಾಗ ಆ ಕೈಗಳು ರೆಕ್ಕೆ ಬಡಿದಂತೆ ಬಿದ್ದು ಬಿದ್ದು ಏಳುತ್ತಿದ್ದವು. ಅವರನ್ನು ಸರದಿ ಬಿಡಿಸಿ ಒಳಗೆ ಕರೆದೊಯ್ದರು. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದವರಲ್ಲಿ ಕರುಳಿನಿಂದ ಬರುವ ಅಮೋನಿಯಾದಂಥ ವಿಷಗಳು ಸೋಸಿ ಹೋಗದೆ ಮಿದುಳನ್ನು ತಲುಪುತ್ತವೆ. ಮಲಬದ್ಧತೆ, ಸೋಂಕು, ನೀರಿನಂಶ ಕಡಿಮೆಯಾಗುವುದು, ಹೊಟ್ಟೆಯೊಳಗಿನ ರಕ್ತಸ್ರಾವ, ನಿದ್ದೆಮಾತ್ರೆ, ಇವುಗಳಲ್ಲಿ ಯಾವುದಾದರೂ ಅದನ್ನು ಕೆರಳಿಸಬಹುದು. ಲ್ಯಾಕ್ಟುಲೋಸ್ ಎಂಬ ಸಿಹಿ ದ್ರಾವಣ ಕೊಟ್ಟು ದಿನಕ್ಕೆ ಎರಡು ಮೂರು ಸಲ ಮೆದುವಾಗಿ ಮಲವಿಸರ್ಜನೆ ಆಗುವಂತೆ ನೋಡಿಕೊಳ್ಳುತ್ತಾರೆ, ಬೇಕಾದರೆ ರಿಫಾಕ್ಸಿಮಿನ್ ಎಂಬ ಆಂಟಿಬಯಾಟಿಕ್ ಸೇರಿಸುತ್ತಾರೆ. ನಾನು ಮುಂದೆ ಬರೆಯುವ ಟಿಪ್ಪಣಿ ಪುಸ್ತಕ, ಬೆಳಗಿನ ಹೊತ್ತು ಇತ್ಯಾದಿ ಯಾವುದೂ ಆ ಸ್ಥಿತಿಗೆ ಮದ್ದಲ್ಲ. ಅಂಥವರು ವಾಹನ ಓಡಿಸಬಾರದು, ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ನನ್ನದು ಬೇರೆ ಮಂಕು. ಲಿವರ್ ಅಷ್ಟೇನೂ ಕೆಡದಿದ್ದರೂ ಬರುವಂಥದ್ದು. 2001ರಲ್ಲಿ ಲಂಡನ್ನಿನ ಸಂಶೋಧಕರು, ಲಿವರ್ ಹೆಚ್ಚು ಕೆಡದ ಹೆಪಟೈಟಿಸ್ ಸಿ ರೋಗಿಗಳ ಮಿದುಳನ್ನು ವಿಶೇಷ ಎಂಆರ್ ಸ್ಕ್ಯಾನ್ ತಂತ್ರದಲ್ಲಿ ನೋಡಿ, ಆರೋಗ್ಯವಂತರಲ್ಲಿಯೂ ಹೆಪಟೈಟಿಸ್ ಬಿ ಇರುವವರಲ್ಲಿಯೂ ಕಾಣದ ರಾಸಾಯನಿಕ ವ್ಯತ್ಯಾಸವನ್ನು ಅಲ್ಲಿ ಕಂಡಿದ್ದರು. ದೇಹದಲ್ಲಿ ವರ್ಷಗಟ್ಟಲೆ ಉರಿಯುವ ಸಣ್ಣ ಉರಿಯೂತ ಮಿದುಳನ್ನೂ ಮುಟ್ಟುತ್ತದೆ ಎಂಬುದು ಒಂದು ವಿವರಣೆ. ವೈರಾಣುವಿನ ತುಣುಕುಗಳು ಮಿದುಳಿನಲ್ಲಿಯೂ ಸಿಕ್ಕಿವೆ. ಇದನ್ನು ಓದಿದ ರಾತ್ರಿ ನಾನು ಹೆದರುವ ಬದಲು ನಿಟ್ಟುಸಿರು ಬಿಟ್ಟೆ. ಅಷ್ಟು ದಿನವೂ ನನಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದೇ ನಂಬಿಕೊಂಡು, ಯಾರಿಗೂ ಹೇಳದೆ, ಒಳಗೊಳಗೇ ಬೇಯುತ್ತಿದ್ದೆ.

ಆಮೇಲೆ ನಾನು ಮಾಡಿದ್ದು ನನಗೆ ಗೊತ್ತಿರುವ ಒಂದೇ ಕೆಲಸ. ನನ್ನ ತಪ್ಪುಗಳನ್ನೇ ತಿದ್ದಲು ಕುಳಿತೆ. ದಿನವೂ ನೋಡಿದ ಪುಟಗಳನ್ನು ಮರುದಿನ ಬೆಳಿಗ್ಗೆ ಮತ್ತೆ ಓದಿ, ಬಿಟ್ಟುಹೋದ ತಪ್ಪುಗಳನ್ನು ಎಣಿಸಿ, ಆ ಪುಟವನ್ನು ಎಷ್ಟು ಗಂಟೆಗೆ ನೋಡಿದ್ದೆ, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದೆ ಎಂದು ಬರೆದಿಟ್ಟೆ. ಮೂರು ವಾರ. ಬೆಳಿಗ್ಗೆ ನೋಡಿದ ಹತ್ತು ಪುಟಗಳಲ್ಲಿ ಎರಡು ತಪ್ಪು ಬಿಟ್ಟಿದ್ದರೆ ಮಧ್ಯಾಹ್ನ ಮೂರರ ನಂತರದ ಹತ್ತು ಪುಟಗಳಲ್ಲಿ ಏಳು. ಇದು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ತಪ್ಪುಗಳ ಜಾತಿ. ಒತ್ತಕ್ಷರ, ದೀರ್ಘ, ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳಲ್ಲಿ ಒಂದೂ ತಪ್ಪಿಸಿಕೊಂಡಿರಲಿಲ್ಲ, ಮಧ್ಯಾಹ್ನವೂ ಸಹ. ತಪ್ಪಿಸಿಕೊಂಡದ್ದೆಲ್ಲ ಬೇರೆ: 12ನೇ ಪುಟದಲ್ಲಿ ಒಂದು ರೀತಿ ಬರೆದ ಹೆಸರು 60ನೇ ಪುಟದಲ್ಲಿ ಇನ್ನೊಂದು ರೀತಿ, ಬಹುವಚನದಲ್ಲಿ ಹೊರಟು ಏಕವಚನದಲ್ಲಿ ಮುಗಿದ ಉದ್ದ ವಾಕ್ಯ, ಸಾಲಿನ ಕೊನೆಯಲ್ಲೂ ಮುಂದಿನ ಸಾಲಿನ ಮೊದಲಲ್ಲೂ ಬಂದ ಒಂದೇ ಪದ.

ಅಂದರೆ ಕಲಿತದ್ದು ಎಲ್ಲಿಗೂ ಹೋಗಿರಲಿಲ್ಲ. ಒಂದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಇನ್ನೊಂದನ್ನು ನೋಡುವ ಶಕ್ತಿ ಸೋತಿತ್ತು. ಮಗಳು ಬೆಳಿಗ್ಗೆ ಹೇಳಿದ್ದನ್ನು ನಾನು ಮರೆತಿರಲಿಲ್ಲ. ಅದು ಒಳಗೆ ಇಳಿದೇ ಇರಲಿಲ್ಲ. ವೈದ್ಯರಿಗೆ ಆ ಹಾಳೆಗಳನ್ನು ತೋರಿಸಿದೆ. ಈ ರೋಗದಲ್ಲಿ ಸಾಮಾನ್ಯವಾಗಿ ಕುಗ್ಗುವುದು ಗಮನ, ವೇಗ ಮತ್ತು ಆ ಹೊತ್ತಿನ ಹಿಡಿತವೇ ಎಂದು ಅವರೂ ಹೇಳಿದರು. ಅಲ್ಲಿಗೆ ನೆನಪಿನ ಶಕ್ತಿ ಹೆಚ್ಚಿಸುವ ಪ್ರಯತ್ನಗಳನ್ನು ಕೈಬಿಟ್ಟೆ. ಮೊಬೈಲಿನಲ್ಲಿ ಮಿದುಳಿನ ಆಟಗಳನ್ನು ಎರಡು ತಿಂಗಳು ಆಡಿದ್ದೆ. ಆಟದಲ್ಲಿ ಬಹಳ ಜಾಣೆಯಾದೆ, ಕರಡಿನಲ್ಲಿ ಆಗಲಿಲ್ಲ. ಯಾರೋ ತಂದುಕೊಟ್ಟ ಲಿವರ್ ಶುದ್ಧಿಯ ಪುಡಿಯ ವಿಷಯ ಕೇಳಿ ವೈದ್ಯರು ನಿಜವಾಗಿಯೂ ಸಿಟ್ಟಾದರು. ಗಿಡಮೂಲಿಕೆ ಎಂಬ ಕಾರಣಕ್ಕೇ ಅದು ಲಿವರಿಗೆ ಹಿತ ಎಂದೇನೂ ಇಲ್ಲ.

ತಲೆ ಹಿಡಿದಿಟ್ಟುಕೊಳ್ಳಲಾಗದ್ದನ್ನು ಕಾಗದಕ್ಕೆ ಒಪ್ಪಿಸಿದೆ. ಪ್ರತಿ ಪುಸ್ತಕಕ್ಕೂ ಒಂದು ಹಾಳೆ. ಹೆಸರು, ಊರು, ಇಸವಿ, ಲೇಖಕರ ವಿಚಿತ್ರ ಬಳಕೆಗಳು ಮೊದಲ ಸಲ ಬಂದ ಕೂಡಲೇ ಪುಟಸಂಖ್ಯೆಯೊಂದಿಗೆ ಅದರಲ್ಲಿ. ಮುಂಚೆ ಒಂದೇ ಓದಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದೆ. ಈಗ ಕಾಗುಣಿತಕ್ಕೆ ಒಂದು ಓದು, ವಾಕ್ಯಕ್ಕೆ ಒಂದು, ಹೆಸರು ಮತ್ತು ಅಂಕಿಗೆ ಇನ್ನೊಂದು. ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಅಳುಕಿದ್ದೆ, ಆದರೆ ನಾಲ್ಕು ಸಲ ಸುಮ್ಮನೆ ಓದುವುದಕ್ಕಿಂತ ಬೇಗ ಮುಗಿಯಿತು. ಉದ್ದ ವಾಕ್ಯಗಳನ್ನು ಗಟ್ಟಿಯಾಗಿ ಓದುತ್ತೇನೆ. ಕಣ್ಣು ಬಿಟ್ಟದ್ದನ್ನು ಕಿವಿ ಹಿಡಿಯುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಡೆಯುತ್ತೇನೆ, ಫೋನು ಬೇರೆ ಕೋಣೆಯಲ್ಲಿರುತ್ತದೆ. ಮಧ್ಯಾಹ್ನಕ್ಕೆ ಪುಟ ಜೋಡಿಸುವುದು, ಬಿಲ್ಲು ಬರೆಯುವುದು, ಪತ್ರಗಳಿಗೆ ಉತ್ತರ ಕೊಡುವುದು ಮಾತ್ರ.

ಮನೆಯಲ್ಲಿ ಮುಂಚೆ ಚೀಟಿಗಳನ್ನು ಬರೆದು ಎಲ್ಲೆಂದರಲ್ಲಿ ಇಡುತ್ತಿದ್ದೆ, ಚೀಟಿ ಹುಡುಕುವುದೇ ಇನ್ನೊಂದು ಕೆಲಸವಾಗುತ್ತಿತ್ತು. ಈಗ ಒಂದೇ ಪುಸ್ತಕ, ಒಂದೇ ಜಾಗ. ಅದರಲ್ಲಿ ‘ಬ್ಯಾಂಕ್’ ಎಂದು ಬರೆಯುವುದಿಲ್ಲ. ನಾಲ್ಕು ದಿನದ ನಂತರ ಬ್ಯಾಂಕ್ ಏಕೆ ಎಂದು ನನಗೇ ತಿಳಿಯುವುದಿಲ್ಲ. ‘ಬ್ಯಾಂಕಿಗೆ ಹೋಗಿ ಹಳೆಯ ಪಾಸ್ ಪುಸ್ತಕ ಬದಲಿಸಬೇಕು’ ಎಂದು ಕ್ರಿಯಾಪದ ಸಮೇತ ಬರೆಯುತ್ತೇನೆ. ಬಾಗಿಲು ಹಾಕುವಾಗ “ಬಾಗಿಲು ಹಾಕಿದೆ” ಎಂದು ಬಾಯಿಬಿಟ್ಟು ಹೇಳುತ್ತೇನೆ. ಮಗಳು ಮೊದಮೊದಲು ನಕ್ಕಳು. ಆಮೇಲೆ ಅವಳೇ ಒಂದು ಉಪಾಯ ಹೂಡಿದಳು: ಮುಖ್ಯವಾದದ್ದೇನಾದರೂ ಹೇಳುವಾಗ ಕೆಲಸ ನಿಲ್ಲಿಸಿ ತನ್ನ ಕಡೆ ತಿರುಗಲು ಹೇಳುತ್ತಾಳೆ, ನನ್ನಿಂದ ಒಮ್ಮೆ ಹೇಳಿಸುತ್ತಾಳೆ.

ಚಿಕಿತ್ಸೆಯ ಬಗ್ಗೆ ಹೇಳುವುದು ಕಡಿಮೆ, ಅದು ಅಷ್ಟು ಸುಲಭವಾಗಿತ್ತು. ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದನ್ನು ಆರು ತಿಂಗಳು, ಕೆಲವರಿಗೆ ಒಂದು ವರ್ಷದವರೆಗೆ ಕೊಡುತ್ತಿದ್ದರು. ಅದೇ ಖಿನ್ನತೆಯನ್ನೂ ಮಂಕನ್ನೂ ತರುತ್ತಿತ್ತು. ನನಗೆ ಬಂದದ್ದು ಸೊಫೊಸ್‌ಬುವಿರ್ ಮತ್ತು ವೆಲ್ಪಟಾಸ್ವಿರ್ ಸೇರಿದ ಮಾತ್ರೆ, ದಿನಕ್ಕೊಂದರಂತೆ ಹನ್ನೆರಡು ವಾರ. ಒಟ್ಟು 84. ಮೊದಲು ಹೆಪಟೈಟಿಸ್ ಬಿ ಇದೆಯೇ ಎಂದು ನೋಡಿದರು, ಏಕೆಂದರೆ ಸಿ ಹೋಗುವಾಗ ಮಲಗಿದ್ದ ಬಿ ಎದ್ದು ಕೂರಬಹುದು. ನಾನು ಎದೆಯುರಿಗೆಂದು ವರ್ಷಗಳಿಂದ ನುಂಗುತ್ತಿದ್ದ ಮಾತ್ರೆಯನ್ನು ನಿಲ್ಲಿಸಿದರು. ಹೊಟ್ಟೆಯ ಆಮ್ಲ ತಗ್ಗಿದರೆ ವೆಲ್ಪಟಾಸ್ವಿರ್ ಸರಿಯಾಗಿ ಹೀರಿಕೆಯಾಗುವುದಿಲ್ಲವಂತೆ. ಅವರು ಕೇಳದಿದ್ದರೆ ನಾನು ಹೇಳುತ್ತಲೇ ಇರಲಿಲ್ಲ. ಅದನ್ನು ಔಷಧಿ ಎಂದೇ ನಾನು ಎಣಿಸಿರಲಿಲ್ಲ. ಬೆಳಿಗ್ಗೆ ಏನು ಮಾಡಿದೆ ಎಂಬುದು ಮಧ್ಯಾಹ್ನಕ್ಕೆ ನೆನಪಿರದವಳ ಕೈಗೆ 84 ಮಾತ್ರೆ, ಒಂದೂ ತಪ್ಪಬಾರದು, ಒಂದೇ ದಿನ ಎರಡಾಗಲೂ ಬಾರದು. ವಾರದ ಏಳು ಖಾನೆಗಳ ಡಬ್ಬಿ ತಂದೆ. ಖಾನೆ ಖಾಲಿಯಿದ್ದರೆ ನುಂಗಿದ್ದೇನೆ. ನನ್ನ ನೆನಪನ್ನು ನಂಬಬೇಕಾಗಲಿಲ್ಲ.

ಮಾತ್ರೆ ಮುಗಿದು ಹನ್ನೆರಡು ವಾರಗಳಾದ ನಂತರದ ಪರೀಕ್ಷೆಯಲ್ಲಿ ವೈರಾಣು ಕಾಣಲಿಲ್ಲ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರಿಗೆ ಹೀಗೆಯೇ ಆಗುತ್ತದೆ. ವೈರಾಣುವಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯಗಳು ಉಳಿದೇ ಇರುವುದರಿಂದ, ಪ್ರತಿಕಾಯದ ಪರೀಕ್ಷೆ ಮಾತ್ರ ಮುಂದೆಯೂ ಪಾಸಿಟಿವ್ ಎಂದೇ ತೋರಿಸುತ್ತದೆ. ಆ ಕಾಗದ ನೋಡಿ ಗಾಬರಿಯಾದ ಸಿಬ್ಬಂದಿಗೆ ನಾನು ಎರಡು ಸಲ ಪಾಠ ಹೇಳಿದ್ದೇನೆ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಇದು ಹರಡುವುದಿಲ್ಲ, ರಕ್ತದಿಂದ ಮಾತ್ರ ಎಂಬ ಪಾಠವನ್ನಂತೂ ಲೆಕ್ಕವಿಲ್ಲದಷ್ಟು ಸಲ, ಅದೂ ನೆಂಟರಿಗೇ.

ಮಂಕು ಮಾತ್ರ ವರದಿ ಬಂದ ದಿನವೇ ಹೋಗಲಿಲ್ಲ. ಅದಕ್ಕಾಗಿ ಅತ್ತಿದ್ದೇನೆ. ಆರು ತಿಂಗಳ ನಂತರ ಮತ್ತೆ ಮೂರು ವಾರ ಎಣಿಸಿದೆ. ಬೆಳಗಿನ ಎರಡು ಒಂದಾಗಿತ್ತು, ಮಧ್ಯಾಹ್ನದ ಏಳು ನಾಲ್ಕಾಗಿತ್ತು. ಇದರಲ್ಲಿ ವೈರಾಣು ಹೋದದ್ದರ ಪಾಲೆಷ್ಟು, ಥೈರಾಯ್ಡ್ ಮಾತ್ರೆಯದೆಷ್ಟು, ಹಾಳೆಯದೆಷ್ಟು ಎಂದು ಬಿಡಿಸಲಾರೆ. ವೈರಾಣು ಹೋದ ಮೇಲೆ ಹಲವರಿಗೆ ತಲೆ ತಿಳಿಯಾಗುತ್ತದೆ, ಎಲ್ಲರಿಗೂ ಪೂರ್ತಿ ಆಗುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು. ನಾನು ಈ ಎರಡರ ನಡುವೆ ಎಲ್ಲೋ ಇದ್ದೇನೆ. ಕತ್ತರಿ ಈಗ ಕತ್ತರಿಯೇ.

ಕಣ್ಣಿನ ಪೊರೆಯನ್ನೂ ಕೊನೆಗೆ ತೆಗೆಸಿದೆ. ಹೋದ ವಾರ ಅದೇ ಪುಸ್ತಕದ ಎರಡನೇ ಮುದ್ರಣದ ಕರಡು ಬಂತು. ಅವಳಿ ಸಾಲು ಹೇಗಿದೆಯೋ ನೋಡೋಣವೆಂದು ಕೈ 41ನೇ ಪುಟದ ಕಡೆಗೇ ಹೋಯಿತು. ಗಡಿಯಾರ ನೋಡಿದರೆ ಮೂರೂಕಾಲು. ಕಟ್ಟನ್ನು ಹಾಗೆಯೇ ಬಿಗಿದು, ಮೇಲೆ ‘ಬೆಳಿಗ್ಗೆ ಓದಬೇಕು’ ಎಂದು ಬರೆದು, ಬಿಲ್ಲುಗಳ ಕಡೆ ತಿರುಗಿದೆ.