ಕೆಪಾಸಿಟರ್ ತಗಡುಗಳ ನಡುವೆ ಏನು ಹರಿಯುತ್ತದೆ? ಸೈನ್ ಬದಲು ತ್ರಿಕೋನ ಅಲೆ ಕೊಟ್ಟು ನೋಡಿ

ಸೆಕೆಂಡ್ ಪಿಯು ಮಕ್ಕಳಿಗೆ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ (ಚಾರ್ಜ್ ಹರಿಯದಿದ್ದರೂ, ಬದಲಾಗುವ ವಿದ್ಯುತ್ ಕ್ಷೇತ್ರವೇ ಕರೆಂಟಿನ ಲೆಕ್ಕಕ್ಕೆ ಬರುವುದು) ಪಾಠ ಮಾಡುವಾಗ ನಾನು ಮೊದಲು ಸೂತ್ರ ಬರೆಯುವುದಿಲ್ಲ. ಮೇಜಿನ ಮೇಲೆ ಎರಡು ಅಲ್ಯೂಮಿನಿಯಂ ತಗಡು ಇಡುತ್ತೇನೆ. ಒಂದೊಂದೂ 20 ಸೆಂ.ಮೀ. ಚೌಕ. ನಾಲ್ಕು ಮೂಲೆಗೂ 2 ಮಿ.ಮೀ. ದಪ್ಪದ ಅಕ್ರಿಲಿಕ್ ಚೂರು, ಉಳಿದಂತೆ ನಡುವೆ ಬರೀ ಗಾಳಿ. ಇದೇ ನಮ್ಮ ಕೆಪಾಸಿಟರ್. ಲೆಕ್ಕಕ್ಕೆ ಅದರ ಕೆಪಾಸಿಟನ್ಸ್ (ಚಾರ್ಜ್ ಹಿಡಿಯುವ ಸಾಮರ್ಥ್ಯ) ಸುಮಾರು 177 ಪಿಕೋಫ್ಯಾರಡ್ ಸಿಗುತ್ತದೆ.

ಇದರ ಜೊತೆ ಸರಣಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್. ಅದು ಗ್ರೌಂಡ್ ಕಡೆಗೇ ಇರಲಿ. ಅಲೆ ಕೊಡುವ ಫಂಕ್ಷನ್ ಜನರೇಟರ್, ರೆಸಿಸ್ಟರ್ ಮೇಲಿನ ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಎರಡರ ಗ್ರೌಂಡೂ ಸಾಮಾನ್ಯವಾಗಿ ಒಂದೇ ಆಗಿರುತ್ತದಲ್ವಾ, ತಿರುಗಾಮುರುಗಾ ಕೊಟ್ಟರೆ ಶಾರ್ಟ್ ಆಗುತ್ತದೆ.

ಎಲ್ಲರೂ ಸೈನ್ ಅಲೆ ಕೊಡುತ್ತಾರೆ. ನಾನು ಕೊಡುವುದಿಲ್ಲ. ಸೈನ್ ಕೊಟ್ಟರೆ ಬರುವುದೂ ಸೈನೇ, ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ ಅಷ್ಟೇ. ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ತ್ರಿಕೋನ ಅಲೆ ಕೊಡಿ: 10 ಕಿಲೋಹರ್ಟ್ಸ್, ಮೈನಸ್ 10ರಿಂದ ಪ್ಲಸ್ 10 ವೋಲ್ಟ್. ರೆಸಿಸ್ಟರ್ ಮೇಲೆ ಚೌಕ ಅಲೆ ಬರುತ್ತದೆ! ವೋಲ್ಟೇಜ್ ಒಂದೇ ವೇಗದಲ್ಲಿ ಏರುವಷ್ಟು ಹೊತ್ತು ಗೆರೆ 70 ಮಿಲಿವೋಲ್ಟ್ ಹತ್ತಿರ ಚಪ್ಪಟೆಯಾಗಿ ನಿಲ್ಲುತ್ತದೆ. ತುದಿ ಮುಟ್ಟಿ ಇಳಿಯಲು ಶುರುವಾದ ತಕ್ಷಣ ಗೆರೆ ಸೊನ್ನೆಯ ಕೆಳಗೆ ಹಾರುತ್ತದೆ. ಫ್ರೀಕ್ವೆನ್ಸಿ ಎರಡು ಪಟ್ಟು ಮಾಡಿದರೆ ಎತ್ತರವೂ ಎರಡು ಪಟ್ಟು. ಬರೀ 10 ವೋಲ್ಟ್ ಡಿಸಿ ಕೊಟ್ಟರೆ ಸೊನ್ನೆ.

"ಹಾಗಾದ್ರೆ ಗಾಳಿಯಲ್ಲಿ ಎಲೆಕ್ಟ್ರಾನ್ ದಾಟುತ್ತಾ ಸರ್?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ದಾಟುವುದಿಲ್ಲ. ಅಲ್ಲಿ ಬದಲಾಗುತ್ತಿರುವುದು ವಿದ್ಯುತ್ ಕ್ಷೇತ್ರ ಮಾತ್ರ. ಆಗ ಬೋರ್ಡಿಗೆ ಹೋಗುತ್ತೇನೆ. ಸೆಕೆಂಡಿಗೆ 4 ಲಕ್ಷ ವೋಲ್ಟ್ ಏರಿಕೆ. ಅದನ್ನು 2 ಮಿ.ಮೀ.ನಿಂದ ಭಾಗಿಸಿ, ತಗಡಿನ ವಿಸ್ತೀರ್ಣದಿಂದಲೂ ಎಪ್ಸಿಲಾನ್ ನಾಟ್‌ನಿಂದಲೂ (ಖಾಲಿ ಜಾಗದ ವಿದ್ಯುತ್ ಸ್ಥಿರಾಂಕ) ಗುಣಿಸಿದರೆ ಸುಮಾರು 71 ಮೈಕ್ರೋಆಂಪಿಯರ್. ತಂತಿಯಲ್ಲಿ ಅಳೆದದ್ದೂ (70 ಮಿಲಿವೋಲ್ಟನ್ನು 1 ಕಿಲೋ ಓಮ್‌ನಿಂದ ಭಾಗಿಸಿದರೆ) ಹೆಚ್ಚುಕಮ್ಮಿ ಅಷ್ಟೇ.

ತಂತಿಯನ್ನು ಸುತ್ತಿದ ಒಂದೇ ಬಳೆಗೆ ಎರಡು ಮೇಲ್ಮೈ ಬರೆಯಬಹುದು. ಒಂದನ್ನು ತಂತಿ ಚುಚ್ಚುತ್ತದೆ, ಇನ್ನೊಂದು ಚೀಲದ ಹಾಗೆ ಉಬ್ಬಿ ತಗಡುಗಳ ನಡುವೆ ಹಾದುಹೋಗುತ್ತದೆ. ಮೇಲ್ಮೈ ದಾಟುವ ಕರೆಂಟಿನಿಂದ ಬಳೆಯ ಸುತ್ತಲಿನ ಕಾಂತಕ್ಷೇತ್ರ ಹೇಳುವ ಆಂಪಿಯರ್ ನಿಯಮ ಎರಡಕ್ಕೂ ಬೇರೆ ಬೇರೆ ಉತ್ತರ ಕೊಟ್ಟರೆ ಹೇಗೆ? 1860ರ ದಶಕದ ಆರಂಭದಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಆ ಸಮೀಕರಣಕ್ಕೆ ಸೇರಿಸಿದ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಈ ಜಗಳ ಬಿಡಿಸುತ್ತದೆ.

ಒಂದು ಮಾತು ಮಾತ್ರ ಮಕ್ಕಳಿಂದ ಮುಚ್ಚಿಡುವುದಿಲ್ಲ. ಸ್ಕೋಪ್ ತೋರಿಸಿದ್ದು ತಂತಿಯ ಕರೆಂಟ್. ತಗಡುಗಳ ನಡುವಿನ ಕಾಂತಕ್ಷೇತ್ರವನ್ನು ನಾವು ಅಳೆದಿಲ್ಲ. ಭೂಮಿಯ ಕಾಂತಕ್ಷೇತ್ರ ಅದಕ್ಕಿಂತ ಲಕ್ಷ ಪಟ್ಟಿಗೂ ಜಾಸ್ತಿ, ನಮ್ಮ ಲ್ಯಾಬಿನಲ್ಲಿ ಅದು ಆಗದ ಕೆಲಸ. ಬದಲಾಗುವ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರ ಹುಟ್ಟಿಸುತ್ತದೆ ಎಂಬುದಕ್ಕೆ ಸಾಕ್ಷಿ ಬೇಕೆಂದರೆ 1887-88ರಲ್ಲಿ ಹರ್ಟ್ಸ್ ಹಿಡಿದ ರೇಡಿಯೋ ಅಲೆಗಳ ಹತ್ತಿರವೇ ಹೋಗಬೇಕು. ಅದನ್ನು ಮುಂದಿನ ಪೀರಿಯಡ್‌ಗೆ ಇಟ್ಟುಕೊಳ್ಳುತ್ತೇನೆ.