ಮೈಸೂರಿನ ಮನೆಯಲ್ಲಿ ಗೈಗರ್ ಕೌಂಟರ್ ಬಳಸುವ ಬಗೆ

ವಿಕಿರಣವನ್ನು ಎಣಿಸುವ ಗೈಗರ್ ಕೌಂಟರ್ ಕೊಂಡು ತಂದವರು ಸಾಮಾನ್ಯವಾಗಿ ಮೊದಲು ಮಾಡುವ ತಪ್ಪೆಂದರೆ, ಅದನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಅರ್ಧ ನಿಮಿಷದಲ್ಲಿ ಕಂಡ ಅಂಕಿಗೆ ಬೆದರುವುದು. ಪರಮಾಣುಗಳ ಕ್ಷಯಕ್ಕೆ, ಅಂದರೆ ಅವು ವಿಕಿರಣ ಸೂಸಿ ಮಾರ್ಪಡುವುದಕ್ಕೆ, ಗೊತ್ತಾದ ಲಯವಿಲ್ಲ. ಹೀಗಾಗಿ ಎಣಿಕೆ ಏರಿಳಿಯುತ್ತಲೇ ಇರುತ್ತದೆ. ಒಟ್ಟು 100 ಎಣಿಕೆ ಬಂದಲ್ಲಿ ಶೇಕಡಾ 10ರಷ್ಟು, 400 ಬಂದಲ್ಲಿ ಶೇಕಡಾ 5ರಷ್ಟು ಹೆಚ್ಚುಕಡಿಮೆಯಾಗುವುದು ಸಹಜ. ಆದ್ದರಿಂದ ಪ್ರತಿ ಜಾಗದಲ್ಲೂ ಕನಿಷ್ಠ 400 ಎಣಿಕೆಯಾಗುವವರೆಗೆ ಉಪಕರಣವನ್ನು ಕದಲಿಸದೆ ಬಿಟ್ಟು, ಮೊತ್ತವನ್ನು ನಿಮಿಷಗಳಿಂದ ಭಾಗಿಸಿ ಬರೆದುಕೊಳ್ಳಬೇಕು.

ಉಪಕರಣ ಸರಿಯಾಗಿದೆಯೇ ಎಂದು ನೋಡಲು ಮಂಡ್ಯದ ಕಬ್ಬಿನ ಗದ್ದೆಗೆ ಹಾಕುವ ಪೊಟ್ಯಾಷ್ ಗೊಬ್ಬರವೇ ಸಾಕು. ಅದರಲ್ಲಿ 125 ಕೋಟಿ ವರ್ಷ ಅರ್ಧಾಯುವಿನ (ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಹಿಡಿಯುವ ಕಾಲ) ವಿಕಿರಣಶೀಲ ಪೊಟ್ಯಾಸಿಯಂ-40 ಇದ್ದು, ಒಂದು ಕಿಲೋದಲ್ಲಿ ಸೆಕೆಂಡಿಗೆ ಸುಮಾರು 15,000 ಪರಮಾಣುಗಳು ಕ್ಷಯಿಸುತ್ತವೆ. ತಟ್ಟೆಯಲ್ಲಿ ಒಂದು ಬೊಗಸೆ ಕೆಂಪು ಹರಳನ್ನು ಹರಡಿ, ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಉಪಕರಣದ ಕೊಳವೆಯಿರುವ ಬದಿಯನ್ನು ಒಂದು ಬೆರಳಿನ ಅಂತರದಲ್ಲಿ ಹಿಡಿದರೆ ಟಿಕ್ ಟಿಕ್ ಸದ್ದು ದಟ್ಟವಾಗುತ್ತದೆ. ನಡುವೆ ಹೆಬ್ಬೆರಳು ದಪ್ಪದ ಹಲಗೆ ಇಟ್ಟೊಡನೆ ಗೊಬ್ಬರ ಸೂಸುವ ಬೀಟಾ ಕಣಗಳು (ವೇಗದ ಎಲೆಕ್ಟ್ರಾನುಗಳು) ಅಲ್ಲಿಯೇ ನಿಂತು, ಸದ್ದು ಮತ್ತೆ ವಿರಳವಾಗುತ್ತದೆ. (ಇದೇ ಪೊಟ್ಯಾಸಿಯಂ ನಂಜನಗೂಡಿನ ರಸಬಾಳೆಯಲ್ಲೂ ಇದೆ, ಅದನ್ನು ತಿನ್ನುವವರ ಮೈಯಲ್ಲೂ ಇದೆ.)

ಹೋಲಿಕೆಗೆ ಒಂದು ಕೆಳಗಿನ ಮಟ್ಟ ಬೇಕು. ಕಾರಂಜಿ ಕೆರೆಯಲ್ಲಿ ದೋಣಿ ನಡುನೀರಿಗೆ ಬಂದಾಗ ಎಣಿಸಿ. ನೆಲದಿಂದ ಹೊಮ್ಮುವ, ಬೀಟಾಗಿಂತ ಆಳಕ್ಕೆ ತೂರುವ ಗಾಮಾ ಕಿರಣಗಳನ್ನು ನೀರು ತಡೆಯುವುದರಿಂದ ಅಲ್ಲಿ ಉಳಿಯುವುದು ಬಹುಮಟ್ಟಿಗೆ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ ಮತ್ತು ಉಪಕರಣದ ಸ್ವಂತ ಎಣಿಕೆ. ಬಳಿಕ ಚಾಮುಂಡಿ ಬೆಟ್ಟದ ನಂದಿಯ ಬಳಿ, ಬಂಡೆಯ ಪಕ್ಕದಲ್ಲಿ ಎಣಿಸಿದರೆ, ಗ್ರಾನೈಟಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ಪಾಲು ಎಷ್ಟೆಂದು ಕಾಣುತ್ತದೆ. ನಿಮ್ಮ ಅಡುಗೆ ಕಟ್ಟೆಯ ಅಂಕಿ ಈ ಎರಡರ ನಡುವೆ ಬಂದರೆ ಅದು ಈ ಊರಿನ ಕಲ್ಲಿನ ಗುಣವೇ ಹೊರತು ಆತಂಕದ ಸಂಗತಿಯಲ್ಲ.

ಮಾನವನಿರ್ಮಿತ ವಿಕಿರಣವನ್ನು ಈ ಉಪಕರಣ ಬೇರ್ಪಡಿಸಿ ತೋರಿಸಲಾರದು. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಲೋಕದ ಮಣ್ಣಿಗೆಲ್ಲ ಬಿದ್ದ ಸೀಸಿಯಂ-137 ಅನ್ನು ಗುರುತಿಸಲು, 662 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಅದರ ಗಾಮಾ ಕಿರಣವನ್ನು ಪೊಟ್ಯಾಸಿಯಂನ 1,460ರಿಂದ ವಿಂಗಡಿಸಬಲ್ಲ ಸ್ಪೆಕ್ಟ್ರೋಮೀಟರ್ ಬೇಕಾಗುತ್ತದೆ.

ಕಲ್ಲುಮಣ್ಣಿನ ಯುರೇನಿಯಂನಿಂದ ಹುಟ್ಟಿ ಮನೆಯೊಳಗೆ ಸೇರುವ ವಿಕಿರಣಶೀಲ ರೇಡಾನ್ ಅನಿಲದ ವಿಷಯದಲ್ಲಂತೂ ಗೈಗರ್ ಕೌಂಟರನ್ನು ನಂಬಲೇಬಾರದು. ನಮಗೆ ತಗಲುವ ನೈಸರ್ಗಿಕ ವಿಕಿರಣದಲ್ಲಿ ಅರ್ಧದಷ್ಟು ಈ ಅನಿಲದ್ದೇ ಆದ್ದರಿಂದ, ಶ್ರಮ ಪಡುವುದಿದ್ದರೆ ಇಲ್ಲಿ ಪಡಬೇಕೆಂಬುದು ನನ್ನ ಅಭಿಪ್ರಾಯ. ಪ್ರಯೋಗಾಲಯದಿಂದ, ರೇಡಾನ್ ಸೂಸುವ ಆಲ್ಫಾ ಕಣಗಳ ಗುರುತು ಉಳಿಸಿಕೊಳ್ಳುವ ಫಿಲ್ಮ್ ತಂದು, ನೆಲಮಹಡಿಯ ಮಲಗುವ ಕೋಣೆಯಲ್ಲಿ ಗೋಡೆ, ಕಿಟಕಿ, ಫ್ಯಾನುಗಳಿಂದ ದೂರವಾಗಿ ಮೂರು ತಿಂಗಳು ತೂಗುಹಾಕಬೇಕು. ಆಮೇಲೆ ಅದನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿ, ಮೂಡಿದ ತೂತುಗಳನ್ನು ಎಣಿಸುತ್ತಾರೆ. ಘನಮೀಟರ್ ಗಾಳಿಗೆ 100 ಬೆಕೆರೆಲ್ (ಸೆಕೆಂಡಿಗೆ 100 ಕ್ಷಯ) ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಟ್ಟ. ಅದನ್ನು ಮೀರಿದರೆ ನೆಲದ ಬಿರುಕುಗಳನ್ನು ಮುಚ್ಚಿಸಿ, ಎದುರುಬದುರು ಕಿಟಕಿಗಳನ್ನು ತೆರೆದಿಟ್ಟು ಇನ್ನೊಮ್ಮೆ ಅಳೆಯಬೇಕು. ಚಳಿಗೆ ಕಿಟಕಿ ಮುಚ್ಚಿಕೊಳ್ಳುವ ಮಾಗಿಯ ತಿಂಗಳುಗಳನ್ನು ಬಿಟ್ಟು ಬೇಸಿಗೆಯಲ್ಲಷ್ಟೇ ಅಳೆದರೆ, ವರ್ಷದ ಸರಾಸರಿಗಿಂತ ಕಡಿಮೆ ಅಂಕಿ ಬರುತ್ತದೆ.