ಅಮೆರಿಕದ ಸ್ಕೂಲಲ್ಲಿ ಓಟಿ ಅಂದ್ರೆ ಯಾರು, ಪರೀಕ್ಷೆ ಭಯಕ್ಕೂ ಅವ್ರಿಗೂ ಏನ್ ಸಂಬಂಧ?

ಮೂರನೇ ಗ್ರೇಡಲ್ಲಿದ್ದ ಮಗನ್ನ ಸ್ಕೂಲ್ ಆಕ್ಯುಪೇಶನಲ್ ಥೆರಪಿಸ್ಟ್, ಅಂದ್ರೆ ಓಟಿ, ಒಂದ್ಸಲ ನೋಡ್ಲಿ ಅಂತ ಟೀಚರ್ ಇಮೇಲ್ ಹಾಕ್ದಾಗ ನಮ್ಮನೇಲಿ ಎರಡು ದಿನ ಯಾರಿಗೂ ಮಾತೇ ಇಲ್ಲ. ಥೆರಪಿ ಅಂದ್ರೆ ಮಗುಗೆ ಏನೋ ಆಗಿದೆ ಅಂತ ನನ್ನ ಹೆಂಡ್ತಿ, ಆಕ್ಯುಪೇಶನ್ ಅಂದ್ರೆ ಉದ್ಯೋಗ ಅಲ್ವಾ, ಎಂಟು ವರ್ಷದವನಿಗೆ ಎಂಥ ಉದ್ಯೋಗ ಅಂತ ನಾನು. ಇಲ್ಲಿ ಆ ಪದಕ್ಕೆ ದಿನಾ ಮಾಡೋ ಕೆಲಸ ಅಂತ ಅರ್ಥ ಅಷ್ಟೇ, ಮಗುಗಾದ್ರೆ ಬರಿಯೋದು, ಒಂದ್ಕಡೆ ಕೂರೋದು, ಬ್ಯಾಗ್ ಜೋಡ್ಸೋದು, ಗಲಾಟೆ ಇರೋ ಕ್ಲಾಸಲ್ಲಿ ಗಮನ ಇಡೋದು.

ನಮ್ಮವನದ್ದು ಹೇಳ್ತೀನಿ. ಪೆನ್ಸಿಲ್ ಎಷ್ಟು ಒತ್ತಿ ಬರೀತಿದ್ದ ಅಂದ್ರೆ ಕೆಳಗಿನ ಎರಡು ಹಾಳೇಲೂ ಅಕ್ಷರ ಮೂಡಿರೋದು. ಟೆಸ್ಟ್ ಅರ್ಧ ಆಗೋಷ್ಟರಲ್ಲಿ ಕೈ ನೋವು, ಟೈಮ್ ಹೋಗ್ತಿದೆ ಅಂತ ಗಾಬರಿ, ಆಮೇಲೆ ಮೂರು ಮೂರು ಸಲ ಬಾತ್‌ರೂಮ್. ಅವನು ಓದಿದ್ದು ಸಾಲ್ದು ಅಂತ ನಾವು ಇನ್ನಷ್ಟು ವರ್ಕ್‌ಶೀಟ್ ಕೊಡ್ತಿದ್ವಿ ನೋಡಿ! ಓಟಿ ಬಂದು ಮೊದಲು ನೋಡಿದ್ದು ಅವನ ಕಾಲನ್ನ. ಕುರ್ಚಿ ಎತ್ತರ, ಪಾದ ನೆಲಕ್ಕೆ ತಾಗ್ತಿರ್ಲಿಲ್ಲ, ಹಾಗಿದ್ರೆ ನೆಟ್ಟಗೆ ಕೂರೋಕೇ ಅರ್ಧ ಶಕ್ತಿ ಹೋಗುತ್ತಂತೆ. ಕಾಲಿಗೊಂದು ಸ್ಟೂಲ್, ಬರಿಯೋಕೆ ಇಳಿಜಾರು ಬೋರ್ಡು, ಪೆನ್ಸಿಲ್‌ಗೆ ದಪ್ಪ ಗ್ರಿಪ್ಪು ಕೊಟ್ರು. ಟೆಸ್ಟಿಗೆ ಮುಂಚೆ ಗೋಡೆ ತಳ್ಳೋದು, ಕುರ್ಚಿ ಹಿಡ್ಕೊಂಡು ಮೈ ಎತ್ತೋದು, ಪುಸ್ತಕದ ರಾಶಿ ಹೊತ್ಕೊಂಡು ಲೈಬ್ರರಿಗೆ ಹೋಗಿ ಬರೋದು. ನಂಗೆ ನಗು ಬಂದಿತ್ತು, ಆದ್ರೆ ಸ್ನಾಯುಗೆ ಹಾಗೆ ಭಾರ ಬಿದ್ರೆ ಸುಮಾರು ಮಕ್ಕಳು ಶಾಂತ ಆಗ್ತಾರಂತೆ, ನಮ್ಮವನೂ ಆದ. ಉಸಿರು ನಿಧಾನಕ್ಕೆ ಬಿಡೋದನ್ನೂ ಟೆಸ್ಟ್ ಇಲ್ದಿರೋ ದಿನಾನೇ ಕಲಿಸಿದ್ರು, ಗಾಬರಿ ಆದ್ಮೇಲೆ ಕಲಿಯಕ್ಕಾಗಲ್ಲ. ಆತಂಕನೇ ಜಾಸ್ತಿ ಅಂದ್ರೆ ಮಾತ್ರ ಸ್ಕೂಲ್ ಕೌನ್ಸೆಲರ್ ಅಥವಾ ಸೈಕಾಲಜಿಸ್ಟ್ ಕೂಡ ಬೇಕಾಗುತ್ತೆ.

ಈಗ ಕಾಗದದ ವಿಷ್ಯ. ಸ್ಕೂಲಿಂದ ಈ ಸಹಾಯ ಪಡಿಯೋಕೆ ದಾರಿ ಎರಡು. 1975ರ ಕಾನೂನಿಂದ ಬೆಳೆದ ಐಡಿಇಎ (ಅಂಗವೈಕಲ್ಯ ಇರೋ ಮಕ್ಕಳ ಶಿಕ್ಷಣದ ಕಾನೂನು) ಕೆಳಗೆ ಐಇಪಿ, ಅಂದ್ರೆ ಆ ಮಗುಗಂತಲೇ ಮಾಡೋ ಶಿಕ್ಷಣದ ಪ್ಲಾನ್. 1973ರ ರೀಹ್ಯಾಬಿಲಿಟೇಶನ್ ಆಕ್ಟಿನ ಸೆಕ್ಷನ್ 504 (ಅಂಗವೈಕಲ್ಯ ಇರೋರಿಗೆ ತಾರತಮ್ಯ ಮಾಡ್ಬಾರ್ದು ಅನ್ನೋ ನಿಯಮ) ಕೆಳಗೆ 504 ಪ್ಲಾನ್, ಅಂದ್ರೆ ಕ್ಲಾಸಲ್ಲಿ, ಟೆಸ್ಟಲ್ಲಿ ಮಗುಗೆ ಕೊಡೋ ಅನುಕೂಲಗಳ ಪಟ್ಟಿ. ಐಇಪೀಲಿ ಓಟಿ ಅನ್ನೋದು ಸ್ಪೆಷಲ್ ಎಜುಕೇಶನ್ (ಮಗುವಿನ ಅಗತ್ಯಕ್ಕೆ ತಕ್ಕ ವಿಶೇಷ ಬೋಧನೆ) ಜೊತೆಗೆ ಬರೋ ಸರ್ವೀಸ್, ಅಂದ್ರೆ ಮಗು ಮೊದಲು ಅದಕ್ಕೆ ಅರ್ಹ ಆಗ್ಬೇಕು. ಆಗದೇ ಇದ್ರೆ 504 ಕೇಳಿ, ನಮಗೆ ಸಿಕ್ಕಿದ್ದು ಅದೇ. ಪಬ್ಲಿಕ್ ಸ್ಕೂಲಲ್ಲಿ ಎರಡಕ್ಕೂ ದುಡ್ಡಿಲ್ಲ, ವೀಸಾ ಯಾವ್ದು ಅಂತ ಯಾರೂ ಕೇಳಂಗಿಲ್ಲ.

ಟೀಚರ್ ಹತ್ರ ಬಾಯಲ್ಲಿ ಹೇಳಿ ಸುಮ್ನಾಗ್ಬೇಡಿ, ಇವ್ಯಾಲ್ಯುಯೇಶನ್ (ಮಗುಗೆ ಏನು ಸಹಾಯ ಬೇಕು ಅಂತ ಸ್ಕೂಲ್ ಮಾಡೋ ಪರಿಶೀಲನೆ) ಬೇಕು, ಅದ್ರಲ್ಲಿ ಓಟೀನೂ ಸೇರ್ಬೇಕು ಅಂತ ಇಮೇಲಲ್ಲಿ ಬರೀರಿ. ಐಡಿಇಎ ಪ್ರಕಾರ ನೀವು ಒಪ್ಪಿ ಸೈನ್ ಮಾಡಿದ್ಮೇಲೆ 60 ದಿನದೊಳಗೆ ಮುಗಿಸ್ಬೇಕು, ಕೆಲವು ರಾಜ್ಯಗಳು ತಮ್ಮದೇ ಗಡುವು ಇಟ್ಕೊಂಡಿವೆ. ಸ್ಕೂಲ್‌ನವ್ರು ಆಗಲ್ಲ ಅಂದ್ರೆ ಅವ್ರು ಕಾರಣ ಬರೆದು ಕೊಡ್ಬೇಕು. ಐಇಪಿ ಮೀಟಿಂಗಲ್ಲಿ ಇಂಗ್ಲಿಷ್ ಕಷ್ಟ ಅನ್ಸಿದ್ರೆ ಕನ್ನಡ ಇಂಟರ್‌ಪ್ರಿಟರ್ ಕೇಳಿ, ಸಂಕೋಚ ಬೇಡ.

ದೊಡ್ಡ ಮಕ್ಕಳಿದ್ರೆ ಇನ್ನೊಂದು. ಸ್ಕೂಲಲ್ಲಿ ಎಕ್ಸ್‌ಟ್ರಾ ಟೈಮ್ ಇದೆ ಅಂತ ಕಾಲೇಜ್ ಪ್ರವೇಶದ ಪರೀಕ್ಷೆ ಎಸ್‌ಎಟೀಲಿ ತಾನಾಗೇ ಸಿಗಲ್ಲ, ಅದನ್ನ ನಡೆಸೋ ಕಾಲೇಜ್ ಬೋರ್ಡ್ ಬೇರೆಯಾಗಿ ಒಪ್ಪಬೇಕು, ಅದಕ್ಕೆ ಏಳು ವಾರದವರೆಗೂ ಹಿಡಿಯುತ್ತೆ.

ಕೊನೆಗೆ, ಮೀಟಿಂಗಲ್ಲಿ ಎಲ್ರೂ ನಗ್ತಾ ಮಾತಾಡ್ತಾರೆ, ಆ ಜೋಶಲ್ಲಿ ನಾನು 504 ಪ್ಲಾನಿಗೆ ಅಲ್ಲೇ ಸೈನ್ ಹಾಕ್ಬಿಟ್ಟೆ. ರಾತ್ರಿ ಮನೇಲಿ ಓದಿದ್ರೆ ಟೆಸ್ಟ್ ಮಧ್ಯೆ ಬ್ರೇಕ್ ಕೊಡ್ತೀವಿ ಅಂದಿದ್ದು ಎಲ್ಲೂ ಬರ್ದೇ ಇಲ್ಲ, ಮೂರು ಇಮೇಲ್ ಹಾಕಿದ್ಮೇಲೆ ಸೇರಿಸಿದ್ರು. ನೀವು ಕಾಪಿ ಮನೆಗೆ ತಂದು, ನಿಧಾನಕ್ಕೆ ಓದಿ, ಆಮೇಲೆ ಸೈನ್ ಮಾಡಿ.